ನ್ಯಾಯವಾದ ಲಾಭ ಎಲ್ಲಿಯವರೆಗೆ? ಲಾಭಕೋರತನ ಎಲ್ಲಿಂದ?



ಬೇಳೆಯ ಧಾರಣೆ ಏರಿತೆಂದರೆ ಪೇಟೆಯ ಜನ ಅಂಗಡಿಯವನನ್ನು ಲಾಭಕೋರ ಎನ್ನುತ್ತಾರೆ. ಅಂಗಡಿಯವನು ಸಗಟು ವರ್ತಕನ ಕಡೆಗೆ ಕೈ ತೋರಿಸುತ್ತಾನೆ. ವರ್ತಕನು ಗಿರಣಿಯ ಕಡೆಗೆ ತೋರಿಸುತ್ತಾನೆ. ಗಿರಣಿಯವನು, “ರೈತರೇ ಮಾಲು ಬಿಡುತ್ತಿಲ್ಲ, ಮನೆಯಲ್ಲಿ ಕೂಡಿಟ್ಟಿದ್ದಾರೆ” ಎನ್ನುತ್ತಾನೆ. ಹೀಗೆ ಊರೂರು ಸುತ್ತಿದ ದೂರು ಕಡೆಗೆ ನಿಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ.

ಇದು ಬರಿಯ ಮಾತಿನ ಜಗಳವಲ್ಲ. ಲಾಭಕೋರತನ ಎಂಬ ಮಾತು ತಪ್ಪಾದ ಕಡೆ ಬಿದ್ದರೆ ನಿಮ್ಮ ಬೆಳೆಗೆ ಬರಬೇಕಾದ ಬೆಲೆ ಬಿದ್ದುಹೋಗುತ್ತದೆ. ಸರಿಯಾದ ಕಡೆ ಬೀಳದಿದ್ದರೆ ನಿಮ್ಮ ಊರಿನಲ್ಲಿಯೇ ಕೂಲಿ ಮಾಡಿ ಕಾಳುಕಡಿ ಕೊಳ್ಳುವ ಸಂಸಾರದ ಒಲೆ ತಣ್ಣಗಾಗುತ್ತದೆ. ಎರಡು ಎಕರೆಯ ರೈತನಂತೂ ಸುಗ್ಗಿಯಲ್ಲಿ ಮಾರುವವನೂ ಹೌದು, ಮಳೆಗಾಲದಲ್ಲಿ ಕೊಳ್ಳುವವನೂ ಹೌದು. ಆದುದರಿಂದ ಯಾವುದು ನ್ಯಾಯವಾದ ಲಾಭ, ಯಾವುದು ಲಾಭಕೋರತನ ಎಂಬುದನ್ನು ನಾವೇ ಸಾವಧಾನವಾಗಿ ವಿಚಾರ ಮಾಡಿ ನೋಡಬೇಕು.

ಧಾರಣೆ ಏರಿದ ಮಾತ್ರಕ್ಕೆ

ಮೊದಲು ಟೊಮೇಟೊ ಹಣ್ಣನ್ನೇ ತೆಗೆದುಕೊಳ್ಳಿರಿ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ತೂಕದ ಒಂದು ಬಾಕ್ಸ್ 2000 ರೂಪಾಯಿಗೂ ಮೇಲೆ ಮಾರಾಟವಾಯಿತು. ಸೆಪ್ಟೆಂಬರ್ ಹೊತ್ತಿಗೆ ಅದೇ ಹಣ್ಣಿನ ಧಾರಣೆ ನೆಲಕಚ್ಚಿತು. ಟೊಮೇಟೊ ಹಣ್ಣನ್ನು ತಿಂಗಳುಗಟ್ಟಲೆ ಗೋದಾಮಿನಲ್ಲಿ ಬಚ್ಚಿಡಲು ಸಾಧ್ಯವಿಲ್ಲ. ವಾರ ಕಳೆದರೆ ಕೊಳೆಯುತ್ತದೆ. ರೋಗ, ಬಿಸಿಲು, ಮಳೆಗಳಿಂದ ಫಸಲು ಕಡಿಮೆಯಾದಾಗ ಇದ್ದ ಹಣ್ಣಿಗೆ ಕೊಳ್ಳುವವರು ಮೇಲಿಂದ ಮೇಲೆ ಸವಾಲು ಕೂಗಿದರು, ಧಾರಣೆ ಏರಿತು. ಅಂದು 2000 ರೂಪಾಯಿ ಎಣಿಸಿಕೊಂಡ ರೈತನು ಯಾರನ್ನೂ ವಂಚಿಸಲಿಲ್ಲ. ಹಿಂದಿನ ಹಂಗಾಮುಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ಹೊಲದಲ್ಲಿಯೇ ಬಿಟ್ಟವನೂ ಅವನೇ ಇರಬಹುದು.

ಇದರಿಂದ ತಿಳಿಯುವುದೇನೆಂದರೆ, ಬೆಲೆ ಹೆಚ್ಚಾಗಿದೆ ಎಂಬುದೊಂದೇ ಲಾಭಕೋರತನಕ್ಕೆ ಸಾಕ್ಷಿಯಲ್ಲ. ಅಭಾವವು ತಾನಾಗಿ ಬಂದಿರಬಹುದು, ಯಾರಾದರೂ ತಂದಿಟ್ಟಿರಲೂಬಹುದು. ಬೆಲೆಯ ಹಲಗೆಯ ಮೇಲೆ ಎರಡಕ್ಕೂ ಒಂದೇ ಅಂಕೆ ಇರುತ್ತದೆ.

ಎರಡು ಬೆಲೆಗಳ ನಡುವಿನ ಅಂತರ

“ನಾವು ಕೊಟ್ಟದ್ದು 70ಕ್ಕೆ, ಅಂಗಡಿಯಲ್ಲಿ ಮಾರುವುದು 130ಕ್ಕೆ. ನಡುವಿನ 60 ರೂಪಾಯಿ ಯಾರ ಹೊಟ್ಟೆಗೆ ಹೋಯಿತು?” ಎಂದು ನೀವು ಕೇಳುತ್ತೀರಿ. ಕೇಳತಕ್ಕ ಪ್ರಶ್ನೆಯೇ. ಆದರೆ ಲೆಕ್ಕ ಹಾಕಿ ನೋಡಬೇಕು. ಕೆಳಗಿನ ಅಂಕೆಗಳು ಲೆಕ್ಕ ತಿಳಿಯುವುದಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಅಂಕೆಗಳನ್ನು ಹಾಕಿ ನೀವೇ ಮಾಡಬಹುದು.

ಗಿರಣಿಯವನು ಒಂದು ಕ್ವಿಂಟಲ್ ತೊಗರಿಯನ್ನು 7000 ರೂಪಾಯಿಗೆ ಕೊಂಡನೆನ್ನೋಣ. ದಲಾಲಿ, ಹಮಾಲಿ, ಚೀಲ, ಸಾಗಣೆ ಸೇರಿ 300 ರೂಪಾಯಿ. ಎಣ್ಣೆ ನೀರು ಹಾಕಿ ಒಣಗಿಸಿ ಒಡೆಯುವ ಖರ್ಚು 300 ರೂಪಾಯಿ. ಒಟ್ಟು 7600. ಹೊಟ್ಟು ನುಚ್ಚುಗಳನ್ನು ದನದ ಮೇವಿಗೆ ಮಾರಿ 400 ರೂಪಾಯಿ ಬಂದರೆ ಉಳಿಯುವುದು 7200. ಈಗ ಮುಖ್ಯವಾದ ಮಾತು: 100 ಕಿಲೋ ತೊಗರಿಯಿಂದ 100 ಕಿಲೋ ಬೇಳೆ ಬರುವುದಿಲ್ಲ. 70 ಕಿಲೋ ಬಂದಿತೆಂದರೆ ಒಂದು ಕಿಲೋ ಬೇಳೆ ಗಿರಣಿಯ ಬಾಗಿಲಲ್ಲಿಯೇ ಸುಮಾರು 103 ರೂಪಾಯಿ ಬೀಳುತ್ತದೆ. ಆದುದರಿಂದ 60 ರೂಪಾಯಿಯಾಗಿ ಕಂಡ ಅಂತರವು ವಾಸ್ತವವಾಗಿ 27 ರೂಪಾಯಿ. ಗಿರಣಿಯವನ ಲಾಭ, ಪೇಟೆಗೆ ಲಾರಿ ಬಾಡಿಗೆ, ಸಗಟು ವರ್ತಕನ ಪಾಲು, ಅಂಗಡಿಯ ಬಾಡಿಗೆ, ಉದ್ದರಿ ಕೊಟ್ಟು ಬಾರದೆ ಹೋದ ಹಣ, ಎಲ್ಲವೂ ಈ 27ರಲ್ಲಿ ಆಗಬೇಕು.

ಅದೇ ತೊಗರಿಯನ್ನು ಗಿರಣಿಯವನು ಎಂಟು ತಿಂಗಳು ಇಟ್ಟುಕೊಂಡನೆನ್ನೋಣ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಂತೆ 560 ರೂಪಾಯಿ, ಗೋದಾಮು ಮತ್ತು ಹುಳುವಿನ ಔಷಧಕ್ಕೆ 100 ರೂಪಾಯಿ. ಕಿಲೋ ಬೇಳೆಗೆ ಇನ್ನೂ 9 ರೂಪಾಯಿಗೂ ಮೇಲೆ ಬಿತ್ತು. ಸುಗ್ಗಿಯ ಬೆಲೆಗಿಂತ ಮಳೆಗಾಲದ ಬೆಲೆ ಇಷ್ಟು ಹೆಚ್ಚಿದ್ದರೆ ಅದು ಲಾಭವೂ ಅಲ್ಲ, ಕಾಯ್ದಿಟ್ಟ ಖರ್ಚು ಮಾತ್ರ.

ಹೀಗೆಂದು ನಡುವಿನವರೆಲ್ಲ ಧರ್ಮರಾಯರೆಂದು ತಿಳಿಯಬೇಡಿರಿ. 2024ರಲ್ಲಿ ಹೊರಬಂದ ರಿಸರ್ವ್ ಬ್ಯಾಂಕಿನ ಒಂದು ಅಧ್ಯಯನದಂತೆ, ಗ್ರಾಹಕನು ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ತಲುಪುವುದು ಟೊಮೇಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36 ಪೈಸೆ, ಆಲೂಗಡ್ಡೆಯಲ್ಲಿ 37 ಪೈಸೆ. ಉಳಿದ ಅರವತ್ತಕ್ಕೂ ಹೆಚ್ಚು ಪೈಸೆಯಲ್ಲಿ ಕೊಳೆತದ್ದೆಷ್ಟು, ಸಾಗಣೆ ಎಷ್ಟು, ನ್ಯಾಯವಾದ ಕೂಲಿ ಎಷ್ಟು, ಅನ್ಯಾಯದ ಲಾಭ ಎಷ್ಟು? ಅಂತರವೊಂದನ್ನೇ ನೋಡಿ ಇದನ್ನು ಬಿಡಿಸಿ ಹೇಳಲಾಗದು. ಇದೇ ಮೊದಲನೆಯ ತೊಡಕು.

ನೂರಕ್ಕೆ ಇಷ್ಟು ಎಂದು ಗೆರೆ ಎಳೆದರೆ?

“ನೂರಕ್ಕೆ ಇಂತಿಷ್ಟರ ಮೇಲೆ ಲಾಭ ಪಡೆಯಕೂಡದು ಎಂದು ಕಟ್ಟು ಮಾಡಿದರೆ ಸಾಕಲ್ಲವೇ?” ಎಂದು ಕೆಲವರು ಕೇಳಬಹುದು. ಈ ಯೋಚನೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಲಾಭವೆಂದು ಕಟ್ಟಳೆ ಇದೆ, ಮೀರಿದವನಿಗೆ ದಂಡವಿದೆ.

ಆದರೆ ಬೆಳಿಗ್ಗೆ 1000 ರೂಪಾಯಿಯ ಸೊಪ್ಪು ತರಕಾರಿ ತಂದು ಸಂಜೆಯೊಳಗೆ ಮಾರುವ ಹೆಣ್ಣುಮಗಳನ್ನು ನೋಡಿರಿ. ನೂರಕ್ಕೆ 20ರಂತೆ ಲಾಭ ಬಂದರೂ ಅವಳ ಕೈಗೆ 200 ರೂಪಾಯಿ. ಅದು ಅವಳ ದಿನಗೂಲಿಯೂ ಆಗದು. ಒಂದು ಕೋಟಿ ರೂಪಾಯಿಯ ಬೇಳೆ ತಿರುಗಿಸುವವನು ನೂರಕ್ಕೆ 5ರಂತೆ ಪಡೆದರೂ ಐದು ಲಕ್ಷ. ಅವನು ಅದನ್ನು ವರ್ಷಕ್ಕೊಮ್ಮೆ ಪಡೆದನೋ, ತಿಂಗಳಿಗೊಮ್ಮೆಯೋ ಎಂಬುದರ ಮೇಲೆ ಮತ್ತೆ ಲೆಕ್ಕ ಬದಲಾಗುತ್ತದೆ. ನೂರಕ್ಕೆ ಎಷ್ಟು ಎಂಬ ಒಂದೇ ಗೆರೆ ಎಳೆದರೆ ತಳ್ಳುಗಾಡಿಯವಳು ಅಪರಾಧಿ, ಕೋಟ್ಯಧೀಶ ನಿರಪರಾಧಿ ಎಂದಾಗುತ್ತದೆ.

ದಾಸ್ತಾನು ಇಟ್ಟವರೆಲ್ಲ ಕಳ್ಳರೇ?

ತೊಗರಿ ವರ್ಷಕ್ಕೊಮ್ಮೆ ಬರುತ್ತದೆ. ಬೇಳೆ ದಿನವೂ ಬೇಕು. ಡಿಸೆಂಬರ್ ಜನವರಿಯಲ್ಲಿ ಬಂದ ಕಾಳನ್ನು ಯಾರಾದರೂ ಇಟ್ಟುಕೊಳ್ಳದಿದ್ದರೆ ಶ್ರಾವಣದ ಹೊತ್ತಿಗೆ ನಾಡಿನಲ್ಲಿ ಬೇಳೆಯೇ ಇರದು. ದಾಸ್ತಾನು ಇಡುವವನು ಸುಗ್ಗಿಯಲ್ಲಿ ಕೊಂಡು ಬೆಲೆ ಪೂರ್ತಿ ಬೀಳದಂತೆ ತಡೆಯುತ್ತಾನೆ. ಅಭಾವ ಕಾಲದಲ್ಲಿ ಮಾರಿ ಪೂರ್ತಿ ಏರದಂತೆ ತಡೆಯುತ್ತಾನೆ. ಇದು ಉಪಕಾರದ ಕೆಲಸವೇ.

ಈರುಳ್ಳಿಯ ವಿಷಯ ಇನ್ನೂ ಸೂಕ್ಷ್ಮ. ಕಿಲೋ 12 ರೂಪಾಯಿ ಇದ್ದಾಗ 100 ಕಿಲೋ ಇಟ್ಟುಕೊಂಡಿರಿ, ಬೆಲೆ 1200 ರೂಪಾಯಿ. ನಾಲ್ಕು ತಿಂಗಳಲ್ಲಿ ಒಣಗಿ, ಕೊಳೆತು, ಮೊಳೆತು ಕಾಲು ಭಾಗ ಹೋಯಿತೆಂದರೆ ಉಳಿದದ್ದು 75 ಕಿಲೋ. ಅದನ್ನು 16 ರೂಪಾಯಿಗೆ ಮಾರಿದರೆ ಮೊದಲಿನ 1200 ಮಾತ್ರ ಕೈಗೆ ಬಂದೀತು. ಆರಿಸಿದ ಕೂಲಿಯೂ ಬಡ್ಡಿಯೂ ಕೈಯಿಂದಲೇ. ಹೊರಗಿನವರಿಗೆ ಮಾತ್ರ “12ರ ಮಾಲನ್ನು 16ಕ್ಕೆ ಮಾರಿದ” ಎಂದು ಕಾಣುತ್ತದೆ.

ಕಾನೂನು ಏನು ಹೇಳುತ್ತದೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ದಾಸ್ತಾನುಕೋರತನ ಮತ್ತು ಲಾಭಕೋರತನವನ್ನು ತಡೆಯಲೆಂದೇ ಭಾರತದಲ್ಲಿ ಒಂದು ಸುಗ್ರೀವಾಜ್ಞೆ ಹೊರಟಿತು. ಸ್ವಾತಂತ್ರ್ಯ ಬಂದಮೇಲೆ 1955ರಲ್ಲಿ ಅಗತ್ಯ ವಸ್ತುಗಳ ಅಧಿನಿಯಮವಾಯಿತು. 1980ರಲ್ಲಿ ಕಾಳಸಂತೆಯನ್ನು ತಡೆಯುವ ಇನ್ನೊಂದು ಕಾನೂನು ಬಂದಿತು. ಅದರಂತೆ ಒಬ್ಬನನ್ನು ಆರು ತಿಂಗಳವರೆಗೆ ಬಂಧನದಲ್ಲಿಡಬಹುದು. ಆದರೆ 1955ರ ಕಾನೂನಿನಲ್ಲಿಯಾಗಲಿ 1980ರ ಕಾನೂನಿನಲ್ಲಿಯಾಗಲಿ ಲಾಭ ಎಷ್ಟಾದರೆ ಅತಿಯಾಯಿತು ಎಂಬ ಅಳತೆ ಇಲ್ಲ. ಅದರ ಬದಲು ಕಾನೂನು ಎಣಿಸಬಹುದಾದ, ತೂಗಬಹುದಾದ ಸಂಗತಿಗಳನ್ನು ಹಿಡಿದುಕೊಂಡಿದೆ. ಇಷ್ಟಕ್ಕಿಂತ ಹೆಚ್ಚು ದಾಸ್ತಾನು ಇಡಕೂಡದು, ಗೊತ್ತುಮಾಡಿದ ಬೆಲೆ ಮೀರಕೂಡದು, ಲೆಕ್ಕದ ಪುಸ್ತಕ ತೋರಿಸತಕ್ಕದ್ದು ಎಂದು ಆಜ್ಞೆ ಮಾಡುತ್ತದೆ.

ಉದಾಹರಣೆಗೆ 2023ರ ಜೂನ್ ತಿಂಗಳಲ್ಲಿ ತೊಗರಿ ಮತ್ತು ಉದ್ದಿಗೆ ಕೇಂದ್ರ ಸರ್ಕಾರವು ಹಾಕಿದ ಮಿತಿಯಲ್ಲಿ ಸಗಟು ವರ್ತಕರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದಿತ್ತು. ಗಿರಣಿಗಳಿಗೂ ಆಮದು ಮಾಡುವವರಿಗೂ ಬೇರೆ ಬೇರೆ ಲೆಕ್ಕವಿತ್ತು. ಆ ಪಟ್ಟಿಯಲ್ಲಿ ಬೆಳೆದ ರೈತನ ಹೆಸರಿರಲಿಲ್ಲ ಎಂಬುದನ್ನು ಗಮನಿಸಿರಿ. ನಿಮ್ಮ ಕಣಜದಲ್ಲಿರುವ ನಿಮ್ಮ ಬೆಳೆಗೆ ಅಂಜುವ ಕಾರಣ ಅಲ್ಲಿರಲಿಲ್ಲ.

2020ರಲ್ಲಿ ಇದಕ್ಕೊಂದು ಅಳತೆ ಹಾಕುವ ಪ್ರಯತ್ನವಾಯಿತು. ಬೇಗ ಕೆಡದ ಧಾನ್ಯಗಳ ಚಿಲ್ಲರೆ ಬೆಲೆ ನೂರಕ್ಕೆ 50, ಹಣ್ಣು ತರಕಾರಿಗಳದು ನೂರಕ್ಕೆ 100 ಏರಿದರೆ ಮಾತ್ರ ದಾಸ್ತಾನು ಮಿತಿ ಹಾಕಬಹುದು ಎಂದು 1955ರ ಕಾನೂನನ್ನು ತಿದ್ದಲಾಯಿತು. ಹಿಂದಿನ 12 ತಿಂಗಳ ಬೆಲೆ, ಐದು ವರ್ಷಗಳ ಸರಾಸರಿ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನು ಮೂಲವಾಗಿ ಹಿಡಿಯಬೇಕೆಂದಿತ್ತು. ಅಂಕೆಗಳೇನೋ ಸ್ಪಷ್ಟ. ಆದರೆ ಈರುಳ್ಳಿ ಕಿಲೋ 8 ರೂಪಾಯಿಗೆ ಬಿದ್ದ ವರ್ಷವನ್ನು ಮೂಲವಾಗಿ ಹಿಡಿದರೆ 16 ರೂಪಾಯಿ ಆದಾಗಲೇ ನೂರಕ್ಕೆ ನೂರು ಏರಿದಂತಾಯಿತು. ಬೆಳೆದವನಿಗೆ ಆಗ ಖರ್ಚು ಹುಟ್ಟಿರುತ್ತದೆಯೋ ಇಲ್ಲವೋ! ಆ ತಿದ್ದುಪಡಿಯು ಇತರ ಎರಡು ಕೃಷಿ ಕಾನೂನುಗಳೊಡನೆ 2021ರ ಕೊನೆಯಲ್ಲಿ ರದ್ದಾಯಿತು.

ತೊಗರಿಯು ಕಲಿಸಿದ ಪಾಠ

ಅಳತೆ ತಪ್ಪಿದರೆ ಏನಾಗುತ್ತದೆಂಬುದನ್ನು ತೊಗರಿ ಬೆಳೆಯುವವರು ಕಣ್ಣಾರೆ ಕಂಡಿದ್ದಾರೆ. ಎರಡು ವರ್ಷ ಮಳೆ ಕೈಕೊಟ್ಟದ್ದರಿಂದ 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಹಲವು ಪಟ್ಟಣಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಅದಕ್ಕೆ ಮೊದಲು ಮಿತಿಯಿಂದ ಹೊರಗಿದ್ದ ಆಮದುದಾರರು, ಸಂಸ್ಕರಣೆ ಮಾಡುವವರು, ದೊಡ್ಡ ಮಳಿಗೆಗಳು ಎಲ್ಲರಿಗೂ ಆಗ ದಾಸ್ತಾನು ಮಿತಿ ಬಂದಿತು. ಮಹಾರಾಷ್ಟ್ರ, ಕರ್ನಾಟಕ ಮುಂತಾದ ರಾಜ್ಯಗಳಲ್ಲಿ ಗೋದಾಮುಗಳ ಶೋಧನೆಯಾಗಿ ಹತ್ತಾರು ಸಾವಿರ ಟನ್ ಬೇಳೆಕಾಳು ಜಪ್ತಿಯಾಯಿತು. ಅದರಲ್ಲಿ ಬಚ್ಚಿಟ್ಟದ್ದೂ ಇತ್ತು, ಗಿರಣಿಯ ಕೆಲಸಕ್ಕೆಂದು ಇಟ್ಟದ್ದೂ ಇತ್ತು. ಮಿತಿ ಎಂಬ ಒಂದೇ ಜರಡಿಯಲ್ಲಿ ಎರಡೂ ಒಟ್ಟಿಗೆ ಬಿದ್ದವು.

ಮುಂದಿನ ವರ್ಷ ಬೆಲೆಯನ್ನು ನೋಡಿ ರೈತರು ಹೆಚ್ಚು ತೊಗರಿ ಬಿತ್ತಿದರು, ಮಳೆಯೂ ಹಿಡಿಯಿತು. 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ದೇಶದ ತೊಗರಿ 2016-17ರಲ್ಲಿ ಸುಮಾರು 48 ಲಕ್ಷ ಟನ್ ಆಯಿತು. ಕಲಬುರಗಿಯ ಮಾರುಕಟ್ಟೆಗೆ ಚೀಲಗಳು ಸಾಲುಗಟ್ಟಿ ಬಂದಾಗ ಧಾರಣೆ ಕ್ವಿಂಟಲ್‌ಗೆ 5050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ರಾಜ್ಯ ಸರ್ಕಾರವು 450 ರೂಪಾಯಿ ಸೇರಿಸಿ 5500ರಂತೆ ಖರೀದಿ ಕೇಂದ್ರಗಳನ್ನು ತೆರೆಯಬೇಕಾಯಿತು. ಸುಗ್ಗಿಯ ಆ ದಿನಗಳಲ್ಲಿ ವರ್ತಕರ ಮೇಲೆ ದಾಸ್ತಾನು ಮಿತಿ ಇನ್ನೂ ಇತ್ತು. ಅದನ್ನು ತೆಗೆದದ್ದು 2017ರ ಮೇ ತಿಂಗಳಲ್ಲಿ. ಕೊಂಡು ಇಡತಕ್ಕವರ ಕೈಯನ್ನು ಕಟ್ಟಿದ್ದಾಗ ರೈತನ ಕಾಳು ಕಣದಲ್ಲಿತ್ತು. ಹೆಚ್ಚು ಬೆಳೆದದ್ದೂ ಹೊರದೇಶದಿಂದ ತರಿಸಿದ್ದೂ ಬೆಲೆ ಬೀಳಲು ದೊಡ್ಡ ಕಾರಣಗಳು, ನಿಜ. ಆದರೆ ಅಭಾವದ ವರ್ಷದ ಔಷಧವನ್ನು ಸಮೃದ್ಧಿಯ ವರ್ಷಕ್ಕೂ ಮುಂದುವರಿಸಿದರೆ ಬೆಳೆದವನಿಗೆ ಪೆಟ್ಟು ಬೀಳದೆ ಇರದು.

ಹಾಗಾದರೆ ಲಾಭಕೋರತನವೇ ಇಲ್ಲವೇ?

ಇದೆ. ಅರ್ಥ ಹೇಳುವುದು ಕಷ್ಟವೆಂದು ವಸ್ತುವೇ ಇಲ್ಲವೆನ್ನಕೂಡದು. 1943ರ ಬಂಗಾಳದ ಕ್ಷಾಮವನ್ನು ನೆನೆಯಿರಿ. ಯುದ್ಧದ ಗಾಬರಿಯಲ್ಲಿ ಅಕ್ಕಿಯ ಬೆಲೆ ಕೂಲಿಯವರ ಕೈಗೆ ಎಟುಕದಷ್ಟು ಏರಿತು. ವಿಚಾರಣೆಗೆ ನೇಮಕವಾದ ಕ್ಷಾಮ ಆಯೋಗವು 1945ರ ವರದಿಯಲ್ಲಿ ಸತ್ತವರ ಸಂಖ್ಯೆ ಸುಮಾರು 15 ಲಕ್ಷವೆಂದಿತು. ಇನ್ನೂ ಬಹಳ ಹೆಚ್ಚೆಂದು ಮುಂದಿನ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅಕ್ಕಿಯ ವ್ಯಾಪಾರದಲ್ಲಿ ಆಗ ಆದ ಅಸಾಧಾರಣ ಲಾಭ ಸುಮಾರು 150 ಕೋಟಿ ರೂಪಾಯಿ ಎಂದು ಅದೇ ಆಯೋಗ ಅಂದಾಜು ಮಾಡಿತು. ಭಾಗಿಸಿ ನೋಡಿದರೆ ಒಂದು ಸಾವಿಗೆ ಒಂದು ಸಾವಿರ ರೂಪಾಯಿ ಲಾಭ. ಇಂತಹ ಲೆಕ್ಕವನ್ನು ಓದಿದ ಮೇಲೆ “ವ್ಯಾಪಾರವೆಂದರೆ ಹೀಗೆಯೇ” ಎಂದು ಯಾರೂ ಸುಮ್ಮನಿರಲಾರರು.

ಆದುದರಿಂದ ಬೆಲೆಯನ್ನಲ್ಲ, ನಡತೆಯನ್ನು ನೋಡಬೇಕು. ಯಾರನ್ನಾದರೂ ಲಾಭಕೋರನೆನ್ನುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ.

1. ಅಭಾವವು ಮಳೆಯಿಂದ ಬಂದದ್ದೋ, ಅವನು ತಂದದ್ದೋ? ಒಳಗೆ ಮಾಲಿಟ್ಟುಕೊಂಡು “ಇಲ್ಲ” ಎಂದು ಹೊರಗೆ ಹೇಳಿದನೇ?

2. ಅವನ ದಾಸ್ತಾನು ಲೆಕ್ಕದಲ್ಲಿದೆಯೇ? ಪುಸ್ತಕದಲ್ಲಿ ಬರೆದು, ಕಾಣುವಂತೆ ಇಟ್ಟದ್ದು ವ್ಯಾಪಾರದ ದಾಸ್ತಾನು. ಬೇರೆಯವರ ಹೆಸರಿನಲ್ಲಿ ಬಚ್ಚಿಟ್ಟದ್ದು ಕಳ್ಳದಾಸ್ತಾನು.

3. ಕೊಳ್ಳುವವನಿಗೆ ಬೇರೆ ಅಂಗಡಿ ಇತ್ತೇ? ಇದ್ದ ನಾಲ್ವರೂ ಒಳಗೊಳಗೆ ಮಾತಾಡಿಕೊಂಡು ಒಂದೇ ಬೆಲೆ ಹೇಳಿದರೇ?

4. ಸಗಟು ಧಾರಣೆ ಏರಿದ ದಿನವೇ ಏರಿಸಿದವನು, ಅದು ಇಳಿದಾಗಲೂ ಅಷ್ಟೇ ಬೇಗ ಇಳಿಸಿದನೇ?

ಈ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಸುಳ್ಳು, ಮುಚ್ಚುಮರೆ, ಒಳಒಪ್ಪಂದ ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಲಾಭಕೋರತನ. ಲಾಭ ನೂರಕ್ಕೆ 5 ಇದ್ದರೂ ಸರಿಯೇ. ಯಾವುದೂ ಕಾಣದಿದ್ದರೆ ಅದು ತೇಜಿ-ಮಂದಿಯ ವ್ಯಾಪಾರ. ನೂರಕ್ಕೆ 50 ಬಂದಿದ್ದರೂ ಮುಂದಿನ ವರ್ಷ ಅವನೇ ನಷ್ಟ ತಿನ್ನಬಹುದು.

ಬೆಲೆ ಮೊದಲೇ ಗೊತ್ತಾಗಿರುವ ಕಡೆ ಇಷ್ಟು ತೊಡಕೂ ಇಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರದ ತೂಕ ಕಡಿಮೆ ಮಾಡುವುದು, ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ಕೇಳುವುದು, ಇವೆಲ್ಲ ನಿಸ್ಸಂದೇಹವಾಗಿ ಅಪರಾಧಗಳೇ.

ಅಗ್ಗಕ್ಕೆ ಕೊಳ್ಳುವ ಲಾಭಕೋರತನ

ಇನ್ನೊಂದು ಮಾತನ್ನು ನಾವು ಮರೆಯುತ್ತೇವೆ. ಲಾಭಕೋರತನವೆಂದರೆ ಹೆಚ್ಚು ಬೆಲೆಗೆ ಮಾರುವುದಷ್ಟೇ ಅಲ್ಲ. ಅಂಗಳದಲ್ಲಿ ಖರೀದಿದಾರರು ಮೊದಲೇ ಮಾತಾಡಿಕೊಂಡು ಸವಾಲಿನಲ್ಲಿ ಬೆಲೆ ಏರಿಸದೆ ನಿಲ್ಲುವುದು, ತೂಕದಲ್ಲಿ ಸೂಟು ಹಿಡಿಯುವುದು, ಬಿತ್ತನೆಗೆ ಸಾಲ ಕೊಟ್ಟು “ಮಾಲು ನಮಗೇ, ನಾವು ಹೇಳಿದ ಬೆಲೆಗೇ” ಎಂದು ಕಟ್ಟಿಹಾಕುವುದು, ಇವೂ ಲಾಭಕೋರತನವೇ. ಪೇಟೆಯ ಗ್ರಾಹಕನಿಗೆ ಇದರ ಸುಳಿವೂ ಹತ್ತುವುದಿಲ್ಲ. ಬೇಳೆ ಅಗ್ಗವಾಗಿಯೇ ಇರಬಹುದು. 2002ರ ಸ್ಪರ್ಧಾ ಕಾನೂನು ಮಾರುವ ಬೆಲೆಯ ಒಳಒಪ್ಪಂದವನ್ನು ಹೇಗೋ ಹಾಗೆಯೇ ಕೊಳ್ಳುವ ಬೆಲೆಯ ಒಳಒಪ್ಪಂದವನ್ನೂ ನಿಷೇಧಿಸಿದೆ. ಆದರೆ ರೈತನು ಬಾಯಿಬಿಟ್ಟು ಹೇಳದಿದ್ದರೆ ಕಾನೂನು ತಾನಾಗಿ ಅಂಗಳಕ್ಕೆ ಬರುವುದಿಲ್ಲ.

ನೀವು ಮಾಡತಕ್ಕದ್ದು

ಬೆಳೆಯ ಖರ್ಚನ್ನು ಬೀಜದಿಂದ ಕಣದವರೆಗೆ ಬರೆದಿಡಿರಿ. ಮನೆಯವರ ದುಡಿಮೆಯನ್ನೂ ಸೇರಿಸಿರಿ. ತನ್ನ ಖರ್ಚೇ ತಿಳಿಯದವನಿಗೆ ನ್ಯಾಯವಾದ ಬೆಲೆ ಯಾವುದೆಂದು ಹೇಳಲಾಗದು. ಮಾರಿದಾಗಲೆಲ್ಲ ತೂಕದ ಚೀಟಿ, ಲೆಕ್ಕಪಟ್ಟಿಗಳನ್ನು ಕೇಳಿ ಪಡೆಯಿರಿ. ಸುಗ್ಗಿಯಲ್ಲಿ ಹಣದ ಅಡಚಣೆಯಿದ್ದರೆ ಮಾಲನ್ನು ನೋಂದಾಯಿತ ಉಗ್ರಾಣದಲ್ಲಿಟ್ಟು ರಸೀದಿಯ ಮೇಲೆ ಸಾಲ ಸಿಗುವುದೇ ಎಂದು ಸಹಕಾರ ಸಂಘದಲ್ಲಿಯೂ ಬ್ಯಾಂಕಿನಲ್ಲಿಯೂ ವಿಚಾರಿಸಿರಿ. ಇಡುವ ಮೊದಲು ಬಡ್ಡಿ, ಬಾಡಿಗೆ, ತೂಕದ ಇಳಿತಗಳನ್ನು ಮೇಲೆ ತೋರಿಸಿದಂತೆ ಲೆಕ್ಕ ಹಾಕಿರಿ. 2017ರ ತೊಗರಿಯನ್ನು ನೆನಪಿಡಿರಿ. ತೂಕದ ಮೋಸವನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಅಂಗಳದ ಮೋಸವನ್ನು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ, ಪಡಿತರದ ಮೋಸವನ್ನು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರೆದು ಕೊಡಿರಿ. ಒಬ್ಬರೇ ಹೋಗಬೇಡಿರಿ, ಹತ್ತು ಜನ ಚೀಟಿ ಹಿಡಿದು ಹೋಗಿರಿ.

ಕಡೆಯದಾಗಿ, ನಿಮ್ಮ ಊರಿನಲ್ಲಿ ಕೂಲಿಯ ಸಂಸಾರವೊಂದು ಆಷಾಢದಲ್ಲಿ ಎರಡು ಸೇರು ಕಾಳು ಕೇಳಿಕೊಂಡು ಬಂದಾಗ, ಕಣಜದಲ್ಲಿದ್ದರೆ ಇದೆ ಎನ್ನಿರಿ, ಅಂದಿನ ಪೇಟೆಯ ಧಾರಣೆಯನ್ನು ಸರಿಯಾಗಿ ಹೇಳಿರಿ. ವರ್ತಕನಿಗೆ ನಾವು ಹಾಕುವ ಅಳತೆ ನಮಗೂ ಅದೇ ಆಗಿರಬೇಕು.